ಆರು ಗ್ಲಾಸು, ಮೂರು ಯೀಸ್ಟು

ನನ್ನ ಫೋನಿನಲ್ಲಿ ಒಂದು ಪಟ್ಟಿ ಇದೆ. ಬೆಂಗಳೂರಿನಲ್ಲಿ ನಾನು ಹೋದ ಬ್ರೂಪಬ್‌ಗಳು, ಅಂದರೆ ಬಿಯರನ್ನು ತಾವೇ ಮಾಡಿ ಮಾರುವ ಪಬ್‌ಗಳು, ಅಲ್ಲಿ ಕುಡಿದ ಬಿಯರುಗಳು, ಒಂದೊಂದಕ್ಕೂ ಹತ್ತಕ್ಕೆ ಇಷ್ಟು ಅಂತ ಅಂಕ. ಕೊನೆಗೆ ಬ್ರೂಪಬ್‌ಗೂ ಒಂದು ಅಂಕ. ಅದರ ಲೆಕ್ಕ ಬಹಳ ಸುಲಭವಾಗಿತ್ತು. ಬೋರ್ಡಿನಲ್ಲಿ ಎಷ್ಟು ಹೆಸರಿದೆಯೋ ಅಷ್ಟು ವೈವಿಧ್ಯ. ನಾಲ್ಕು ಬಗೆ ಮಾಡುವವನಿಗಿಂತ ಎಂಟು ಬಗೆ ಮಾಡುವವನ ಕೈ ಪಳಗಿದ್ದು ಅಂತ ನಂಬಿದ್ದೆ.

ಒಂದು ಶನಿವಾರ ಮಧ್ಯಾಹ್ನ ಈ ಲೆಕ್ಕ ತಲೆಕೆಳಗಾಯಿತು. ಅಂದು ಏನಾಯಿತು ಅನ್ನುವುದನ್ನು ಪೂರ್ತಿ ಬರೆದಿಡುತ್ತಿದ್ದೇನೆ. ಬ್ರೂಪಬ್‌ನ ಹೆಸರು ಮಾತ್ರ ಹೇಳುವುದಿಲ್ಲ. ಅಲ್ಲಿ ಬಿಯರ್ ಮಾಡುವ ಬ್ರೂವರ್ ನಮ್ಮ ಜೊತೆ ಮನಸ್ಸು ಬಿಚ್ಚಿ ಮಾತಾಡಿದ್ದಾನೆ. ಅದಕ್ಕೆ ಅವನ ಕೆಲಸಕ್ಕೆ ಕುತ್ತು ಬರಬಾರದು.

ಬೋರ್ಡು ಮತ್ತು ಪಂದ್ಯ

ನಾವು ನಾಲ್ಕು ಜನ. ನಾನು. ಮ್ಯೂನಿಕ್‌ನಲ್ಲಿ ಕೆಲಸ ಮಾಡುವ, ರಜೆಗೆ ಬಂದಿದ್ದ ಭಾವ. ಹುಬ್ಬಳ್ಳಿಯ ಗೆಳೆಯನೊಬ್ಬ, ಅವನ ಪ್ರಕಾರ ಬಿಯರ್ ಅಂದರೆ ಸ್ಟ್ರಾಂಗ್, ಉಳಿದದ್ದೆಲ್ಲ ಗೋಲಿ ಸೋಡಾ. ಮತ್ತೆ ಮನೆಯಲ್ಲೇ ಕೇಕು, ಬ್ರೆಡ್ಡು ಮಾಡಿ ಮಾರುವ ಗೆಳತಿ. ಅವಳು ಬಿಯರ್ ಕುಡಿಯುವುದು ಅಪರೂಪ. ಅಂದು ಬಂದದ್ದು ಸುಮ್ನೆ ಹರಟೆಗೆ.

ಬೋರ್ಡಿನಲ್ಲಿ ಆರು ಹೆಸರಿದ್ದವು. ಹೆಫೆವೈಜನ್, ಬೆಲ್ಜಿಯನ್ ವಿಟ್, ಲಾಗರ್, ಐರಿಷ್ ರೆಡ್, ಐಪಿಎ (ಇಂಡಿಯಾ ಪೇಲ್ ಏಲ್), ಸ್ಟೌಟ್. ಬೆಂಗಳೂರಿನ ಯಾವ ಬ್ರೂಪಬ್‌ಗೆ ಹೋದರೂ ಬೋರ್ಡು ಹೆಚ್ಚುಕಡಿಮೆ ಹೀಗೇ ಇರುತ್ತದೆ, ಅಲ್ವಾ? ಮಾವಿನ ಕಾಲದಲ್ಲಿ ಒಂದು ಮಾವಿನ ಬಿಯರ್ ಸೇರುತ್ತದೆ. ಟಾಯ್ಟ್ ಬ್ರೂಪಬ್‌ನವರು ಬಾಸ್ಮತಿ ಅಕ್ಕಿ ಹಾಕಿ ಬ್ಲಾಂಡ್ ಅನ್ನುವ ತಿಳಿ ಬಿಯರ್ ಮಾಡಿದ ಹಾಗೆ ಯಾರಾದರೂ ಒಂದು ಹೊಸದನ್ನು ಮಾಡುತ್ತಾರೆ. ಉಳಿದದ್ದು ಅದೇ ಸಾಲು.

ಹಾಗಂತ ಇದನ್ನು ಹಗುರವಾಗಿ ನೋಡುವುದೂ ಸರಿಯಲ್ಲ. ಈ ಊರಿಗೆ ಬಿಯರ್ ಹಳೆಯದು. ದಕ್ಷಿಣ ಭಾರತದ ಐದು ಬ್ರೂವರಿಗಳನ್ನು ಸೇರಿಸಿ ಯುನೈಟೆಡ್ ಬ್ರೂವರೀಸ್ ಹುಟ್ಟಿದ್ದು 1915ರಲ್ಲಿ. ಆದರೆ ನಮ್ಮಪ್ಪನ ಕಾಲದಲ್ಲಿ ಬಿಯರಿನಲ್ಲಿ ಎರಡೇ ಜಾತಿ, ಮೈಲ್ಡ್ ಮತ್ತು ಸ್ಟ್ರಾಂಗ್. ಎರಡೂ ಲಾಗರ್, ತಣ್ಣಗೆ ಹುದುಗಿಸುವ ಬಿಯರ್. ಪುಣೆಯಲ್ಲಿ ಡೂಲಾಲಿ ಬ್ರೂಪಬ್ ಶುರುವಾದದ್ದು 2009ರಲ್ಲಿ. ಬೆಂಗಳೂರಿನಲ್ಲಿ ಬಿಯೇರ್ ಕ್ಲಬ್ 2011ರಲ್ಲಿ, ಮಿಷಿಗನ್‌ನ ಆ್ಯನ್ ಆರ್ಬರ್‌ನಿಂದ ಹೆಸರೂ ಪಾಕವೂ ತಂದ ಆರ್ಬರ್ ಬ್ರೂಯಿಂಗ್ 2012ರಲ್ಲಿ. ಅಷ್ಟು ಚಿಕ್ಕ ಅವಧಿಯಲ್ಲಿ ಬೋರ್ಡಿನ ಮೇಲೆ ಆರು ಹೆಸರು ಬಂದದ್ದೇ ದೊಡ್ಡದು.

ಭಾವನಿಗೆ ಹಾಗನ್ನಿಸಲಿಲ್ಲ. ಬೋರ್ಡನ್ನು ಒಂದು ಸಲ ನೋಡಿ ಕೇಳಿದ, "ಇದರಲ್ಲಿ ನಿಜವಾಗಿ ಬೇರೆ ಬೇರೆ ಬಿಯರ್ ಎಷ್ಟು?"

ಆರು ಅಂದೆ.

"ಮೂರು. ಒಂದು ಜಾಸ್ತಿ ಇದ್ದರೂ ಬಿಲ್ ನಂದು."

ಬೇರೆ ಅಂದರೆ ಏನು ಅಂತ ಕೇಳಿದೆ. ಅವನ ಉತ್ತರ ಚೆನ್ನಾಗಿತ್ತು. ಹಾಲು ಒಂದೇ ಇರಬಹುದು, ಹೆಪ್ಪು ಬೇರೆಯಾದರೆ ಮೊಸರು ಬೇರೆ. ಬಿಯರಿನಲ್ಲೂ ಅಷ್ಟೆ. ಮಾಲ್ಟು ಅಂದರೆ ಮೊಳಕೆ ಬರಿಸಿ ಒಣಗಿಸಿದ ಧಾನ್ಯ, ಹಾಪ್ಸ್ ಅಂದರೆ ಕಹಿಯೂ ಘಮವೂ ಕೊಡುವ ಹೂವು. ಇವನ್ನು ನೀರಿನಲ್ಲಿ ಬೇಯಿಸುವ ತನಕ ಅದು ಸಿಹಿ ಕಷಾಯ. ಅದನ್ನು ಬಿಯರ್ ಮಾಡುವುದು ಯೀಸ್ಟು. ಹಾಗಾಗಿ ಯೀಸ್ಟ್ ಎಣಿಸು, ಹೆಸರು ಎಣಿಸಬೇಡ.

ಸ್ಟೀಲ್ ಲೋಟ

ಸ್ಯಾಂಪ್ಲರ್ ತಟ್ಟೆ ಬಂತು. ಆರು ಪುಟ್ಟ ಗ್ಲಾಸು. ಮಬ್ಬು ಹಳದಿಯಿಂದ ಕಪ್ಪಿನ ತನಕ, ನೋಡುವುದಕ್ಕೆ ಬಣ್ಣದ ಪೆಟ್ಟಿಗೆ. ಇಲ್ಲೇ ಮೊದಲ ಮೋಸ. ಕಣ್ಣು ಮೊದಲೇ ತೀರ್ಪು ಕೊಟ್ಟುಬಿಡುತ್ತದೆ. ಹುಬ್ಬಳ್ಳಿಯವನು ಸ್ಟೌಟ್ ನೋಡಿದ್ದೇ "ಇದ ನೋಡ್ರಿ ಖರೆ ಸ್ಟ್ರಾಂಗ್" ಅಂದ. ಬೋರ್ಡು ನೋಡು ಅಂದೆ. ಆಲ್ಕೋಹಾಲ್ ಸ್ಟೌಟ್‌ನಲ್ಲಿ ಶೇ. 4.8, ಹೆಫೆವೈಜನ್‌ನಲ್ಲಿ ಶೇ. 5.2. ಡಬ್ಲಿನ್‌ನ ಗಿನ್ನೆಸ್ ಡ್ರಾಟ್ ಅನ್ನುವ ಸ್ಟೌಟ್ ಅಷ್ಟು ಕಪ್ಪಗಿದ್ದರೂ ಇರುವುದು ಶೇ. 4.2. ನಮ್ಮಲ್ಲಿ ಸ್ಟ್ರಾಂಗ್ ಅಂತ ಬಾಟಲಿ ಮೇಲೆ ಬರೆಯುವ ತಿಳಿ ಹಳದಿ ಬಿಯರು ಶೇ. 8ರ ತನಕ ಹೋಗುತ್ತದೆ. ಕಪ್ಪು ಬರುವುದು ಹುರಿದ ಬಾರ್ಲಿಯಿಂದ. ಒಟ್ಟು ಧಾನ್ಯದಲ್ಲಿ ಅದು ಹತ್ತನೇ ಒಂದು ಭಾಗಕ್ಕಿಂತ ಕಡಿಮೆ ಇದ್ದರೂ ಸಾಕು, ಗ್ಲಾಸು ಕಾಫಿ ಡಿಕಾಕ್ಷನ್ ಥರ ಆಗುತ್ತದೆ.

ಹಾಗಾಗಿ ಕಣ್ಣನ್ನು ಆಟದಿಂದ ಹೊರಗಿಡಬೇಕಿತ್ತು. ವೇಟರನ್ನು ಕೇಳಿದೆವು, ಅಡುಗೆಯವರು ನೀರು ಕುಡಿಯುವ ಸ್ಟೀಲ್ ಲೋಟ ಹನ್ನೆರಡು ಸಿಗುತ್ತಾ ಅಂತ. ಅವನು ನಕ್ಕು ತಂದುಕೊಟ್ಟ. ಸ್ಟೀಲ್ ಲೋಟದ ಒಳಗೆ, ಮಬ್ಬು ಬೆಳಕಿನಲ್ಲಿ, ಹಳದಿಯೂ ಕೆಂಪೂ ಸರಿಯಾಗಿ ಕಾಣುವುದಿಲ್ಲ. ಅದಕ್ಕೆ ಮೇಲೆ ಕಣ್ಣು ಮುಚ್ಚಿಕೊಳ್ಳುವ ನಿಯಮ.

ಬ್ರೂವರಿಗಳಲ್ಲಿ ಮಾಡುವ ತ್ರಿಕೋನ ಪರೀಕ್ಷೆಯನ್ನೇ ಮಾಡಿದೆವು. ಮೂರು ಲೋಟ. ಎರಡರಲ್ಲಿ ಒಂದೇ ಬಿಯರ್, ಮೂರನೆಯದರಲ್ಲಿ ಬೇರೆ. ಬೇರೆ ಯಾವುದು ಹೇಳಬೇಕು. ಚೆನ್ನಾಗಿದೆಯೋ ಇಲ್ಲವೋ ಅನ್ನುವ ಪ್ರಶ್ನೆಯೇ ಇಲ್ಲ. ಕುರುಡು ಊಹೆಗೂ ಮೂರರಲ್ಲಿ ಒಂದು ಸಲ ಸರಿಯಾಗುತ್ತದೆ, ಅದು ನೆನಪಿರಲಿ. ನಾಲ್ಕು ಜನ ಸೇರಿ ಮಾಡಿದ ಪರೀಕ್ಷೆಯಿಂದ ಏನೂ ಸಾಬೀತಾಗುವುದಿಲ್ಲ. ಆದರೆ ನನ್ನ ಹಮ್ಮು ಇಳಿಯುವುದಕ್ಕೆ ಅಷ್ಟು ಸಾಕಾಯಿತು.

ಮೊದಲ ಸುತ್ತು, ಹೆಫೆವೈಜನ್ ಮತ್ತು ವಿಟ್. ನಾನು ತಪ್ಪಿದೆ. ಹುಬ್ಬಳ್ಳಿಯವನೂ ತಪ್ಪಿದ. ನನಗೆ ನಾಚಿಕೆಯಾಯಿತು, ಯಾಕೆಂದರೆ ಇವೆರಡರ ಬಗ್ಗೆ ನಾನು ಗಂಟೆಗಟ್ಟಲೆ ಮಾತಾಡಬಲ್ಲೆ.

ಮಾತಾಡಲು ಬಿಡಿ. ಹೆಫೆವೈಜನ್ ಬವೇರಿಯಾದ್ದು. ಧಾನ್ಯದಲ್ಲಿ ಅರ್ಧಕ್ಕಿಂತ ಹೆಚ್ಚು ಗೋಧಿ ಮಾಲ್ಟ್. ಅದರ ಯೀಸ್ಟ್ ಎರಡು ವಾಸನೆ ಹುಟ್ಟಿಸುತ್ತದೆ. ಒಂದು ಬಾಳೆಹಣ್ಣು. ಇದು ಹೋಲಿಕೆ ಮಾತಲ್ಲ, ಐಸೋಅಮೈಲ್ ಅಸಿಟೇಟ್ ಅನ್ನುವ ಅದೇ ಪದಾರ್ಥ ಬಾಳೆಹಣ್ಣಿನಲ್ಲೂ ಇದೆ. ಇನ್ನೊಂದು ಲವಂಗ. ಬ್ರೂವರ್ ಮನಸ್ಸು ಮಾಡಿದರೆ ಇವೆರಡರ ತಕ್ಕಡಿಯನ್ನು ಆಚೀಚೆ ವಾಲಿಸಬಹುದು. ಧಾನ್ಯ ನೆನೆಸುವಾಗ 45 ಡಿಗ್ರಿ ಹತ್ತಿರ ಸ್ವಲ್ಪ ಹೊತ್ತು ನಿಲ್ಲಿಸಿದರೆ ಲವಂಗ ಜಾಸ್ತಿ. ಹುದುಗುವಾಗ 20 ಡಿಗ್ರಿ ದಾಟಲು ಬಿಟ್ಟರೆ ಬಾಳೆ ಜಾಸ್ತಿ. ಬೆಂಗಳೂರಿನವರು ಬಾಳೆಯ ಕಡೆಗೇ ವಾಲುತ್ತಾರೆ. ಏಲಕ್ಕಿ ಬಾಳೆ ತಿಂದು ಬೆಳೆದ ನಾಲಿಗೆಗೆ ಅದು ಹಿತ.

ವಿಟ್ ಬೆಲ್ಜಿಯಂದು. ಅದರಲ್ಲಿ ಗೋಧಿಯನ್ನು ಮಾಲ್ಟ್ ಮಾಡದೆ ಹಸಿಯಾಗಿಯೇ ಹಾಕುತ್ತಾರೆ. ಕೊತ್ತಂಬರಿ ಬೀಜ, ಕಿತ್ತಳೆ ಸಿಪ್ಪೆ ಬೀಳುತ್ತದೆ. ಹೂಗಾರ್ಡನ್ ಅನ್ನುವ ಊರಿನಲ್ಲಿ ಈ ಬಿಯರ್ ಮಾಡುವ ಕೊನೆಯ ಬ್ರೂವರಿಯೂ 1950ರ ದಶಕದಲ್ಲಿ ಮುಚ್ಚಿತ್ತು. ಹಾಲು ಹಾಕುವ ಕೆಲಸ ಮಾಡುತ್ತಿದ್ದ ಪಿಯೇರ್ ಸೆಲಿಸ್ 1966ರಲ್ಲಿ ಅದನ್ನು ಮತ್ತೆ ಶುರು ಮಾಡಿದ. ಇವತ್ತು ಬೆಂಗಳೂರಿನ ಬೋರ್ಡಿನಲ್ಲಿ ವಿಟ್ ಇದ್ದರೆ ಅದರ ಬೇರು ಆ ಹಾಲಿನವನ ಹಟದಲ್ಲಿದೆ. ವಿಟ್‌ನ ಯೀಸ್ಟಿಗೆ ಖಾರದ, ಮಸಾಲೆಯ ಗುಣ ಇದೆ. ಬಾಳೆ ಇರಬಾರದು.

ನಮ್ಮ ಲೋಟದಲ್ಲಿ ಬಾಳೆ ಇತ್ತು. ಎರಡರಲ್ಲೂ. ವಿಟ್‌ನ ಕೊತ್ತಂಬರಿ ಎಲ್ಲೋ ಹಿಂದೆ ಅಡಗಿ ಕೂತಿತ್ತು.

ಎರಡನೇ ಸುತ್ತು, ರೆಡ್ ಮತ್ತು ಸ್ಟೌಟ್. ಈ ಸಲ ಭಾವನೂ ತಡವರಿಸಿದ. ಕಾರಣ ಚಳಿ. ಬಿಯರ್ ನಲ್ಲಿಯಿಂದ ಬಂದದ್ದು ಮೂರು ನಾಲ್ಕು ಡಿಗ್ರಿಯಲ್ಲಿ, ಅಷ್ಟು ತಣ್ಣಗಿದ್ದರೆ ನಾಲಿಗೆ ಮರಗಟ್ಟಿ ಕೂರುತ್ತದೆ. ಸ್ಟೀಲ್ ಲೋಟ ಇಲ್ಲಿ ಕೈ ಹಿಡಿಯಿತು. ಎರಡು ಅಂಗೈ ನಡುವೆ ಐದು ನಿಮಿಷ ಹಿಡಿದು ಕೂತೆವು, ಮಳೆಗಾಲದಲ್ಲಿ ಕಾಫಿ ಲೋಟ ಹಿಡಿದ ಹಾಗೆ, ಆದರೆ ಉಲ್ಟಾ. ಬಿಯರ್ ಬೆಚ್ಚಗಾದ ಹಾಗೆ ಸ್ಟೌಟ್‌ನ ಸುಟ್ಟ ವಾಸನೆ ಎದ್ದು ಬಂತು. ನಾಲ್ವರೂ ಸರಿ ಹೇಳಿದೆವು. ಗಾಜಿನ ಗ್ಲಾಸಿಗಿಂತ ಸ್ಟೀಲ್ ಲೋಟ ಬೇಗ ಶಾಖ ದಾಟಿಸುತ್ತದೆ. ಬಿಯರ್ ಹೋಲಿಸಿ ನೋಡುವವರು ಇದನ್ನು ನೆನಪಿಟ್ಟುಕೊಂಡರೆ ಉಪಯೋಗವಿದೆ.

ಐಪಿಎ ಸುತ್ತು ಬೇಡವಾಯಿತು. ಹಾಗಲಕಾಯಿ ಗೊಜ್ಜನ್ನು ಕಣ್ಣು ಮುಚ್ಚಿ ಗುರುತಿಸುವುದು ದೊಡ್ಡ ಮಾತೇ? ಕಹಿಯ ಅಳತೆ ಐಬಿಯು. ಹೆಫೆವೈಜನ್ 8ರಿಂದ 15, ಅಮೆರಿಕನ್ ಐಪಿಎ 40ರಿಂದ 70. "ನಮ್ಮ ದೇಶದ ಹೆಸರಿಟ್ಟು ಇಷ್ಟು ಕಹಿ ಯಾಕ್ರಿ?" ಅಂತ ಹುಬ್ಬಳ್ಳಿಯವನು ಕೇಳಿದ. ನ್ಯಾಯವಾದ ಪ್ರಶ್ನೆ. ಇಂಡಿಯಾ ಅನ್ನುವುದು ಕುಡಿದವರ ಹೆಸರಲ್ಲ, ಹಡಗು ಹೋದ ದಿಕ್ಕಿನ ಹೆಸರು. ಲಂಡನ್‌ನ ಪೂರ್ವಕ್ಕೆ ಬೋ ಅನ್ನುವಲ್ಲಿ ಹಾಡ್ಜ್‌ಸನ್ ಬ್ರೂವರಿ ಇತ್ತು. ಆಮೇಲೆ ಬರ್ಟನ್ ಊರಿನವರು ಬಂದರು. ಅವರ ಬಾವಿ ನೀರಿನಲ್ಲಿ ಜಿಪ್ಸಂ ಇತ್ತು, ಅದು ಹಾಪ್ಸಿನ ಕಹಿಯನ್ನು ಚೂಪು ಮಾಡುತ್ತಿತ್ತು. ಪೀಪಾಯಿಗಳು ಇಲ್ಲಿಯ ಬ್ರಿಟಿಷರಿಗೆ ಬರುತ್ತಿದ್ದವು. ನಮ್ಮ ಮುಂದೆ ಇದ್ದದ್ದು ಅದೂ ಅಲ್ಲ. ಅಮೆರಿಕದಲ್ಲಿ 1972ರಲ್ಲಿ ಬಿಡುಗಡೆಯಾದ ಕ್ಯಾಸ್ಕೇಡ್ ಹಾಪ್ಸ್, 1980ರಲ್ಲಿ ಶುರುವಾದ ಸಿಯೆರಾ ನೆವಾಡಾದಂಥ ಬ್ರೂವರಿಗಳು ಬೆಳೆಸಿದ ಚಕೋತನೆಯ ಘಮ, ಅದರ ಮೊಮ್ಮಗು ಇದು.

ಬೆಣ್ಣೆ ವಾಸನೆ

ಲಾಗರನ್ನು ಕೊನೆಗೆ ಇಟ್ಟುಕೊಂಡಿದ್ದೆವು. ನನಗೆ ಅದು ಇಷ್ಟವಾಗಿತ್ತು. ದುಂಡಗೆ, ಸ್ವಲ್ಪ ಸಿಹಿ, ನಾಲಿಗೆ ಮೇಲೆ ಜಾರುವ ಹಾಗೆ. ನನ್ನ ಪಟ್ಟಿಯಲ್ಲಿ ಅದಕ್ಕೆ ಹತ್ತಕ್ಕೆ ಎಂಟು ಬಿದ್ದಿತ್ತು, ಹಿಂದಿನ ಸಲ ಬಂದಾಗ.

ಗೆಳತಿ ಲೋಟ ಮೂಗಿಗೆ ಹಿಡಿದು, ಕುಡಿಯದೆ ಕೆಳಗಿಟ್ಟಳು. "ಇದಕ್ಕೆ ಬೆಣ್ಣೆ ಎಸೆನ್ಸ್ ಹಾಕಿದ್ದಾರಾ?"

ಭಾವ ಮೇಜು ಕುಟ್ಟಿದ. ಅವನು ಅರ್ಧ ಗಂಟೆಯಿಂದ ಹೇಳಲು ಕಾದಿದ್ದ ಮಾತನ್ನು ಅವಳು ಒಂದೇ ಉಸಿರಿಗೆ ಹೇಳಿದ್ದಳು. ಅದರ ಹೆಸರು ಡೈಅಸಿಟೈಲ್. ಬೇಕರಿಯ ಬೆಣ್ಣೆ ಎಸೆನ್ಸ್‌ನಲ್ಲಿ, ಸಿನಿಮಾ ಮಂದಿರದ ಪಾಪ್‌ಕಾರ್ನ್ ವಾಸನೆಯಲ್ಲಿ ಇರುವುದು ಅದೇ. ಅವಳಿಗೆ ಅದು ದಿನಾ ಕೈಯಲ್ಲಿ ಹಿಡಿಯುವ ಸೀಸೆ.

ಇಷ್ಟು ಹೊತ್ತಿಗೆ ಸ್ಟೀಲ್ ಲೋಟಗಳ ಸುದ್ದಿ ಒಳಗೆ ಹೋಗಿತ್ತು. ಬ್ರೂವರ್ ಏಪ್ರನ್ ಒರೆಸಿಕೊಳ್ಳುತ್ತಾ ಬಂದ. ಮೂವತ್ತರ ಆಸುಪಾಸಿನ ಹುಡುಗ. ಲೋಟ ಎತ್ತಿ ಮೂಸಿದ. ವಾದ ಮಾಡಲಿಲ್ಲ. "ಹೌದು, ಉಳಿದಿದೆ. ಇನ್ನೂ ಕಾಯಬೇಕಿತ್ತು," ಅಂದ.

ಆಮೇಲೆ ಅವನು ಹೇಳಿದ್ದು ಇಷ್ಟು. ಏಲ್ ಯೀಸ್ಟ್, ಅಂದರೆ ಲಾಗರ್ ಬಿಟ್ಟು ಬೋರ್ಡಿನ ಉಳಿದ ಐದಕ್ಕೂ ಹಾಕುವ ಜಾತಿ, ಬೆಚ್ಚಗಿನ ಜೀವ. 18, 20 ಡಿಗ್ರಿಯಲ್ಲಿ ಚುರುಕಾಗಿ ಕೆಲಸ ಮುಗಿಸುತ್ತದೆ. ಬ್ರೆಡ್ಡಿಗೆ ಹಾಕುವ ಯೀಸ್ಟಿನ ಜಾತಿಯೇ ಅದು. ಲಾಗರ್ ಯೀಸ್ಟ್ ಬೇರೆ, ಎರಡು ಜಾತಿ ಬೆರೆತು ಹುಟ್ಟಿದ್ದು. ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಎಮಿಲ್ ಹ್ಯಾನ್ಸೆನ್ 1883ರಲ್ಲಿ ಅದನ್ನು ಶುದ್ಧವಾಗಿ ಬೇರ್ಪಡಿಸಿದ. ಆದರೆ ಅದರ ಎರಡನೇ ಪೋಷಕ ಯಾರು ಅನ್ನುವುದು 2011ರ ತನಕ ಗೊತ್ತಿರಲಿಲ್ಲ. ಆ ಕಾಡು ಯೀಸ್ಟ್ ಸಿಕ್ಕಿದ್ದು ದಕ್ಷಿಣ ಅಮೆರಿಕದ ಪ್ಯಾಟಗೋನಿಯಾದ ಕಾಡಿನಲ್ಲಿ. ಚಳಿ ತಡೆಯುವ ಗುಣ ಬಂದದ್ದು ಆ ಕಡೆಯಿಂದ. ಹಾಗಾಗಿ ಲಾಗರ್ 10 ಡಿಗ್ರಿ ಆಸುಪಾಸಿನಲ್ಲಿ ನಿಧಾನವಾಗಿ ಹುದುಗುತ್ತದೆ, ಆಮೇಲೆ ವಾರಗಟ್ಟಲೆ ಸೊನ್ನೆಯ ಹತ್ತಿರ ಮಲಗುತ್ತದೆ.

ಹುದುಗುವ ಹೊತ್ತಿಗೆ ಎಲ್ಲ ಯೀಸ್ಟೂ ಒಂದು ಪದಾರ್ಥವನ್ನು ಹೊರಗೆ ಚೆಲ್ಲುತ್ತದೆ. ಅದು ತಾನಾಗಿ ಡೈಅಸಿಟೈಲ್ ಆಗುತ್ತದೆ. ಗಾಬರಿ ಬೇಡ, ಯೀಸ್ಟೇ ಆಮೇಲೆ ಅದನ್ನು ಹೀರಿಕೊಂಡು ವಾಸನೆ ಇಲ್ಲದಂತೆ ಮಾಡುತ್ತದೆ. ಚೆಲ್ಲಿದವರೇ ಒರೆಸುತ್ತಾರೆ. ಆದರೆ ಒರೆಸುವುದಕ್ಕೆ ಸಮಯ ಬೇಕು, ಸ್ವಲ್ಪ ಬೆಚ್ಚಗಿರಬೇಕು. ಅದಕ್ಕೇ ಕೊನೆಯಲ್ಲಿ ಎರಡು ಮೂರು ದಿನ 16 ಡಿಗ್ರಿ ಹತ್ತಿರ ಏರಿಸಿ, ಮುಗಿದ ಮೇಲೆ ತಣ್ಣಗೆ ಮಾಡುತ್ತಾರೆ. ಮುಗಿಯಿತೋ ಇಲ್ಲವೋ ನೋಡುವುದಕ್ಕೆ ದೊಡ್ಡ ಯಂತ್ರ ಬೇಡ. ಒಂದಿಷ್ಟು ಬಿಯರನ್ನು ಮುಚ್ಚಿ, 60 ಡಿಗ್ರಿ ನೀರಿನಲ್ಲಿ ಇಪ್ಪತ್ತು ನಿಮಿಷ ಇಟ್ಟು, ಆರಿಸಿ ಮೂಸಬೇಕು. ಬೆಣ್ಣೆ ಬಂದರೆ ಕಾಯಬೇಕು.

ಇವನು ಕಾಯಲಿಲ್ಲ. ಮೂರೇ ವಾರಕ್ಕೆ ನಲ್ಲಿಗೆ ಹಾಕಿದ್ದ. ಯಾಕೆ ಅಂತ ಕೇಳಿದೆ.

ಗಾಜಿನ ಆಚೆ ಹೊಳೆಯುತ್ತಿದ್ದ ಟ್ಯಾಂಕುಗಳನ್ನು ತೋರಿಸಿದ. ಆರು ಟ್ಯಾಂಕು, ಒಂದೊಂದರಲ್ಲಿ 500 ಲೀಟರ್. ಹೆಫೆವೈಜನ್ ಎರಡು ವಾರಕ್ಕೆ ರೆಡಿ. ಮಬ್ಬಾಗಿಯೇ ಕೊಡುವ ಬಿಯರ್, ತಿಳಿಯಾಗುವ ತನಕ ಕಾಯಬೇಕಿಲ್ಲ. ಆರು ವಾರದಲ್ಲಿ ಒಂದು ಟ್ಯಾಂಕಿನಿಂದ ಮೂರು ಸಲ, 1,500 ಲೀಟರ್. ಲಾಗರಿಗೆ ಬಿಟ್ಟರೆ ಅದೇ ಆರು ವಾರದಲ್ಲಿ 500 ಲೀಟರ್. ನಡುವಿನ ಸಾವಿರ ಲೀಟರ್ ಅಂದರೆ ಅರ್ಧ ಲೀಟರಿನ ಎರಡು ಸಾವಿರ ಗ್ಲಾಸು. ಲಾಗರಿಗೂ ಹೆಫೆವೈಜನ್‌ಗೂ ಬೆಲೆ ಒಂದೇ. ಮಾಲೀಕ ಯಾವುದನ್ನು ಬಯಸುತ್ತಾನೆ ಹೇಳಿ? ಆದರೂ ಬೋರ್ಡಿನಲ್ಲಿ ಲಾಗರ್ ಇರಲೇಬೇಕು, ಯಾಕೆಂದರೆ "ಮಾಮೂಲಿ ಬಿಯರ್ ಕೊಡಿ" ಅನ್ನುವ ಗಿರಾಕಿ ಪ್ರತಿ ಮೇಜಿನಲ್ಲೂ ಒಬ್ಬ ಇರುತ್ತಾನೆ.

ಯೀಸ್ಟ್ ಎಷ್ಟು ಅಂತ ಭಾವ ಕೇಳಿದ. ಬ್ರೂವರ್ ಬೆರಳು ಮಡಚಿದ. ಗೋಧಿ ಯೀಸ್ಟ್ ಒಂದು, ಹೆಫೆವೈಜನ್‌ಗೂ ವಿಟ್‌ಗೂ ಅದೇ. ಅಮೆರಿಕದ ಸಪ್ಪೆ ಏಲ್ ಯೀಸ್ಟ್ ಒಂದು, ರೆಡ್, ಐಪಿಎ, ಸ್ಟೌಟ್ ಮೂರಕ್ಕೂ. ಲಾಗರ್ ಯೀಸ್ಟ್ ಒಂದು. ಮೂರು.

ಮ್ಯೂನಿಕ್‌ನ ಸರದಿ

ಭಾವ ಗೆದ್ದ ಮುಖ ಮಾಡಿದ್ದು ಎರಡೇ ನಿಮಿಷ. ಬ್ರೂವರ್ ಹುಡುಗ ತಣ್ಣಗೆ ಕೇಳಿದ, "ಸಾರ್, ನಿಮ್ಮ ಮ್ಯೂನಿಕ್‌ನಲ್ಲಿ ಎಷ್ಟು?"

ಒಳ್ಳೆಯ ಏಟು. ಮ್ಯೂನಿಕ್‌ನ ಆಗಸ್ಟಿನರ್ ಬ್ರೂವರಿ 1328ರಿಂದ ಇದೆ. ಅಲ್ಲಿನ ಇನ್ನೊಂದು ಬ್ರೂವರಿ ಸ್ಪಾಟನ್ 1894ರಲ್ಲಿ ಹೆಲ್ಲೆಸ್ ಅನ್ನುವ ತಿಳಿ ಲಾಗರನ್ನು ತಂದಿತು. ಅಲ್ಲಿನ ಬೋರ್ಡಿನಲ್ಲಿ ಹೆಲ್ಲೆಸ್, ಡುಂಕೆಲ್, ಮೇರ್ಟ್ಸನ್, ಬಾಕ್ ಅಂತೆಲ್ಲ ಇರುತ್ತದೆ. ತಿಳಿ, ಕಂದು, ಕೆಂಪು, ಗಟ್ಟಿ. ಎಲ್ಲವೂ ಲಾಗರ್ ಯೀಸ್ಟ್. ಪಕ್ಕದಲ್ಲಿ ಒಂದು ಗೋಧಿ ಬಿಯರ್. ಭಾವನ ಲೆಕ್ಕದಲ್ಲೇ ಹೋದರೆ ಐದು ಹೆಸರಿಗೆ ಎರಡು ಯೀಸ್ಟ್. ಬೆಂಗಳೂರೇ ಮುಂದೆ.

ಭಾವ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಅಂದ, "ಆದರೆ ಅಲ್ಲಿ ಕಾಯ್ತಾರೆ."

ನನಗೆ ಅನ್ನಿಸಿದ್ದು, ಯೀಸ್ಟ್ ಎಣಿಕೆಯೂ ಎಲ್ಲ ಕಡೆ ನಡೆಯುವ ನಾಣ್ಯವಲ್ಲ. ಬೆಲ್ಜಿಯಂನಲ್ಲಿ ಚಲಾವಣೆಯಾಗುತ್ತದೆ. ಅಲ್ಲಿ ಮಠದ ಬಿಯರಿಗೆ ಒಂದು ಯೀಸ್ಟ್, ಸೈಸಾನ್ ಅನ್ನುವ ಹಳ್ಳಿ ಬಿಯರಿಗೆ ಇನ್ನೊಂದು. ಬ್ರಸೆಲ್ಸ್‌ನ ಕ್ಯಾಂಟಿಯೋನ್ ಬ್ರೂವರಿ ಅಂತೂ ಯೀಸ್ಟನ್ನೇ ಹಾಕುವುದಿಲ್ಲ, ಕಾಯಿಸಿದ ಕಷಾಯವನ್ನು ಅಟ್ಟದ ಮೇಲೆ ತೆರೆದಿಟ್ಟು, ಗಾಳಿಯಲ್ಲಿ ಬಂದದ್ದು ಬರಲಿ ಅನ್ನುತ್ತದೆ. ಅಮೆರಿಕದಲ್ಲಿ ಈ ಲೆಕ್ಕ ಬಿದ್ದುಹೋಗುತ್ತದೆ. ಒಂದೇ ಸಪ್ಪೆ ಯೀಸ್ಟ್ ಇಟ್ಟುಕೊಂಡು, ಹಾಪ್ಸ್ ಮಾತ್ರ ಬದಲಿಸಿ, ಒಂದರಲ್ಲಿ ಚಕೋತ, ಒಂದರಲ್ಲಿ ಪೈನ್ ಮರದ ಅಂಟು, ಇನ್ನೊಂದರಲ್ಲಿ ಮಾವು ತರಿಸುವವರಿದ್ದಾರೆ. ಅವನ್ನು ಒಂದೇ ಬಿಯರ್ ಅನ್ನಲು ನಾನು ತಯಾರಿಲ್ಲ. ರೆಡ್ ಮತ್ತು ಸ್ಟೌಟ್ ಕೂಡ ಅಷ್ಟೆ. ಒಂದೇ ಹಿಟ್ಟಿನಿಂದ ಸೆಟ್ ದೋಸೆಯೂ ಬರುತ್ತದೆ, ಗುಳಿಯಪ್ಪವೂ ಬರುತ್ತದೆ. ಅವೆರಡನ್ನು ಯಾರೂ ಒಂದೇ ಅನ್ನುವುದಿಲ್ಲ.

ವಿಟ್ ವಿಷಯದಲ್ಲಿ ಮಾತ್ರ ಭಾವನ ಪಕ್ಷ. ಅದು ಹೆಫೆವೈಜನ್‌ಗೆ ಕೊತ್ತಂಬರಿ ಒಗ್ಗರಣೆ, ಅಷ್ಟೆ. ಬ್ರೂವರ್ ಕೂಡ ಇಲ್ಲ ಅನ್ನಲಿಲ್ಲ. ಬಿಲ್ ನಾನೇ ಕೊಟ್ಟೆ.

ಎರಡು ತಿಂಗಳಾದ ಮೇಲೆ

ಮತ್ತೆ ಹೋದೆ, ಒಬ್ಬನೇ. ಬೋರ್ಡಿನಲ್ಲಿ ಲಾಗರ್ ಇರಲಿಲ್ಲ. ಆ ಜಾಗದಲ್ಲಿ "ಬ್ಲಾಂಡ್ ಏಲ್" ಅಂತಿತ್ತು. ಅದೇ ಅಮೆರಿಕನ್ ಯೀಸ್ಟ್, ಕಡಿಮೆ ಕಹಿ, ಎರಡೂವರೆ ವಾರ. ಮಾಮೂಲಿ ಬಿಯರ್ ಕೇಳುವವರಿಗೆ ಇದನ್ನೇ ಕೊಡುತ್ತಿದ್ದಾರೆ, ಯಾರೂ ಬೇಜಾರು ಮಾಡಿಕೊಂಡಿಲ್ಲ ಅಂತ ಬ್ರೂವರ್ ಹೇಳಿದ. ಸ್ಟೀಲ್ ಲೋಟ ಕೇಳಿದೆ. ಬೆಚ್ಚಗೆ ಮಾಡಿ ಮೂಸಿದೆ. ಬೆಣ್ಣೆ ಇಲ್ಲ. ಹೊಸ ಬಿಸ್ಕತ್ತಿನ ಘಮ, ಕೊನೆಯಲ್ಲಿ ಚೂರು ಕಹಿ, ಚೊಕ್ಕವಾಗಿತ್ತು.

ಆರು ಹೆಸರು, ಎರಡೇ ಯೀಸ್ಟ್. ಪಟ್ಟಿ ತೆಗೆದು ಲಾಗರಿನ ಎಂಟನ್ನು ಐದು ಮಾಡಿದೆ. ಬ್ರೂಪಬ್‌ನ ಅಂಕಕ್ಕೆ ಒಂದು ಕೂಡಿಸಿದೆ. ಬೋರ್ಡಿನ ಫೋಟೋ ಭಾವನಿಗೆ ಕಳಿಸಿದೆ. ಅಲ್ಲಿ ಬೆಳಗಿನ ಹೊತ್ತು. ಐದು ನಿಮಿಷ ಬಿಟ್ಟು ಉತ್ತರ ಬಂತು. "ವಿಟ್ ಇನ್ನೂ ಇದೆಯಲ್ಲೋ."